ಉಪ್ಪು ಮೆಣಸಿನ ಪೊಟ್ಟಣ

ಜುಲೈ ೧೫, ಮಂಗಳವಾರ

ಕಾಯುವವರಿಗೆ ಕತ್ತಲೂ ಏನೋ ಕಲಿಸುತ್ತದೆ ಎಂಬಂಥ ಒಂದು ಸಾಲು ಎಲ್ಲೋ ಓದಿದ್ದೆ, ಪೂರ್ತಿ ನೆನಪಿಲ್ಲ. ಬರೆದವರು ಬಯಾಪ್ಸಿ ವರದಿಗೆ ಕಾದಿರಲಿಕ್ಕಿಲ್ಲ. ನನಗೆ ಸುಸ್ತಷ್ಟೇ.

ತೊಡೆಸಂದಿಯಿಂದ ಒಳಗೆ, ಹೇಳಲಾಗದ ಜಾಗದಲ್ಲಿ ಎದ್ದಿರುವುದು ನರಹುಲಿ ಇರಬಹುದು, ಬರೀ ಚರ್ಮದ ಗಂಟೂ ಇರಬಹುದು ಎಂದರು ಹಾಸನದ ಡಾಕ್ಟರಮ್ಮ. ವರದಿ ಮುಂದಿನ ವಾರ. ನರಹುಲಿಯೇ ಆದರೆ ದೇಹ ಸಂಪರ್ಕದಿಂದ ಬಂದದ್ದಂತೆ. "ವರ್ಷಗಟ್ಟಲೆ ಮೈಯಲ್ಲಿ ಸುಮ್ಮನಿದ್ದು ಈಗ ಕಾಣಿಸಿಕೊಂಡಿರಬಹುದು, ಯಜಮಾನರ ಮೇಲೆ ಅನುಮಾನ ಪಡಬೇಡಿ" ಎಂದರು. ಅವರು ಹಾಗೆನ್ನುವವರೆಗೆ ನನಗೆ ಅನುಮಾನವೇ ಇರಲಿಲ್ಲ.

ಇವರಿಗೆ ಇನ್ನೂ ಹೇಳಿಲ್ಲ. ಎಂದಿನಂತೆ ಕೊಬ್ಬರಿ ದರ ಮಾತಾಡುತ್ತ ಊಟ ಮಾಡಿದರು. ಇಷ್ಟು ವರ್ಷ ನೋಡಿದ ಮುಖದಲ್ಲಿ ಇವತ್ತು ಏನನ್ನೋ ಹುಡುಕಿ ಹುಡುಕಿ ದಣಿದೆ. ಹುಡುಕಿದ್ದಕ್ಕೆ ನಾಚಿಕೆಯೂ ಆಯಿತು.

ಪಕ್ಕದ ಮನೆ ರುದ್ರಮ್ಮ ಮಧ್ಯಾಹ್ನ ವಾಪಸ್ ಬರುವ ಬಸ್ಸಿನಲ್ಲಿ ಸಿಕ್ಕು ಯಾಕೆ ಆಸ್ಪತ್ರೆ ಎಂದು ಕೇಳಿದಾಗ, ನರಹುಲಿ ಎಂದಷ್ಟೇ ಹೇಳಿ ತಪ್ಪಿಸಿಕೊಂಡಿದ್ದೆ. ರಾತ್ರಿ ಊಟದ ಪಾತ್ರೆ ತೊಳೆಯುವಾಗ ಅವರೇ ಬಂದು ಬಾಗಿಲು ತಟ್ಟಿದರು. ಇವರು ಪಡಸಾಲೆಯಲ್ಲೇ ಕೂತಿದ್ದರು. ರುದ್ರಮ್ಮನ ಕೈಯಲ್ಲಿ ಉಪ್ಪು ಮೆಣಸಿನ ಪೊಟ್ಟಣ.

"ನರಹುಲಿಗೆಲ್ಲ ಡಾಕ್ಟ್ರು ಯಾಕವ್ವ? ನಾಳೆ ದೇವಸ್ಥಾನಕ್ಕೆ ಹೋಯ್ತೀನಿ, ನಿನ್ನ ಹೆಸರಲ್ಲಿ ಇದನ್ನ ಹಾಕಿ ಬತ್ತೀನಿ, ತಾನೇ ಉದುರೋಯ್ತದೆ. ಮೊದ್ಲು ನರಹುಲಿಗೆ ಒಂದ್ಸಾರಿ ಮುಟ್ಟಿಸ್ಬೇಕು ಅಷ್ಟೇಯ. ಎಲ್ಲೈತೆ, ತೋರ್ಸು."