ಕಿಲ್ಲೇದಾರನ ಪರ

ಮಂಗಳವಾರ, 11 ಜೂನ್

ಓದಿ ಓದಿ ಗಂಟಲು ಒಣಗಿದೆ. ಕೊಲ್ಲಾಪುರದ ಆಸ್ಪತ್ರೆ, ಇವರ ಹಾಸಿಗೆ ಪಕ್ಕದ ಸ್ಟೂಲು, ಗಡಹಿಂಗ್ಲಜದಿಂದ ತಂಗಿ ತಂದುಕೊಟ್ಟ ದಪ್ಪ ಕಾದಂಬರಿ. ಅದರಲ್ಲೊಂದು ಕೋಟೆಗೆ ಮುತ್ತಿಗೆ ಬಿದ್ದು ತಿಂಗಳುಗಳೇ ಆದವು. ಬಾಗಿಲು ತೆಗೆಯೋಣ ಎನ್ನುತ್ತಾನೆ ಕೋಟೆ ಕಾಯುವ ಕಿಲ್ಲೇದಾರ. ರಾಣಿ ಒಪ್ಪುವುದಿಲ್ಲ.

"ಹೇಡಿ ಅದಾನ್ರಿ ಇಂವ," ಎಂದೆ.

ಇವರು ತುಟಿ ಆಡಿಸಿದರು. "ರಾಣಿ ಉಂಡಾಳ. ಉಪಾಸ ಇರೂದು ಮಂದಿ."

ಎದೆಯ ಗಡ್ಡೆ ನರ ಒತ್ತಿ ಇವರ ದನಿ ಹೋಗಿದೆ. ನನಗೇನೂ ತೊಂದರೆಯಿಲ್ಲ. ಇಚಲಕರಂಜಿಯ ಕಾರ್ಖಾನೆಯಲ್ಲಿ ಇವರು ಮಗ್ಗ ನಡೆಸುತ್ತಿದ್ದರು, ನಾನು ಕಾಂಡಿಗೆ ನೂಲು ಸುತ್ತುತ್ತಿದ್ದೆ. ಆ ಸದ್ದಿನಲ್ಲಿ ಯಾರ ಮಾತು ಯಾರಿಗೆ ಕೇಳಬೇಕು? ಎಲ್ಲರೂ ತುಟಿ ನೋಡಿಯೇ ಮಾತಾಡುವುದು. ಮದುವೆಗೆ ಕೇಳಿದ್ದೂ ಹಾಗೇ... ಮಗ್ಗಗಳ ಆ ತುದಿಯಿಂದ.

ಗುರುವಾರ, 13 ಜೂನ್

ಕಿಲ್ಲೇದಾರ ಕುದುರೆಗಳನ್ನು ಕಡಿಸಿದ. ಮಂದಿಯ ಹೊಟ್ಟೆಗೆ. ತನ್ನ ಕುದುರೆಯನ್ನೇ ಮೊದಲು. ಬರೆದವನ ಮೇಲೆ ಸಿಟ್ಟು ಬಂತು. ಹೇಡಿಯನ್ನು ಹೇಡಿಯಾಗಿಯೇ ಇರಗೊಡಬಾರದೇ?

ಇವರು ನಕ್ಕರು. "ಶಾಲನ, ನೀ ರಾಣಿ ಕಡೆ. ನಿನಗ ಹಟ ಭಾಳ."

ನಗು ಕೆಮ್ಮಾಯಿತು. ಟವೆಲಿನಲ್ಲಿ ರಕ್ತ. ನೋಡದವಳ ಹಾಗೆ ಪುಟ ತಿರುವಿದೆ.

ಬುಧವಾರ, 19 ಜೂನ್

ಡಾಕ್ಟರ್ ಬಂದರು. ಇನ್ನೊಂದು ಕೀಮೋ ಕೊಡಬಹುದು, ಭರವಸೆ ಕಡಿಮೆ, ಪೇಶಂಟಿನ ಇಷ್ಟ ಕೇಳಬೇಕು ಎಂದರು. ಇವರು ನನ್ನ ಕಡೆ ತಿರುಗಿ ನಿಧಾನವಾಗಿ ತುಟಿ ಆಡಿಸಿದರು. "ಸಾಕಾತು. ಮನಿಗೆ ಕರಕೊಂಡ ಹೋಗು."

"ಕಾಯ ಮ್ಹಣತಾತ?" ಏನಂತಾರೆ ಎಂದು ಡಾಕ್ಟರ್ ನನ್ನನ್ನು ಕೇಳಿದರು.

"ತಯಾರ ಆಹೇತ," ಎಂದೆ. ಕೀಮೋಗೆ ತಯಾರಿದ್ದಾರೆ ಎಂದುಬಿಟ್ಟೆ.

ಇವರಿಗೆ ಮರಾಠಿ ನನಗಿಂತ ಚೆನ್ನಾಗಿ ಬರುತ್ತದೆ. ತಲೆ ಅಲ್ಲಾಡಿಸಿದ್ದರೆ ನನ್ನ ಸುಳ್ಳು ಬಯಲಾಗುತ್ತಿತ್ತು. ಅಲ್ಲಾಡಿಸಲಿಲ್ಲ. ನನ್ನನ್ನೇ ನೋಡುತ್ತಿದ್ದರು. ಮಂದಿಯ ಮುಂದೆ ಹೆಂಡತಿಯ ಮಾತು ತೆಗೆದುಹಾಕುವವರಲ್ಲ.

ಶುಕ್ರವಾರ, 21 ಜೂನ್

ಡ್ರಿಪ್ ಹಚ್ಚಿದರು. ವಾಂತಿ. ಓದಲೇ ಎಂದು ಕೇಳಿದೆ. ತುಟಿ ಬಿಗಿಹಿಡಿದಿದ್ದಾರೆ. ಬುಧವಾರದಿಂದ ಒಂದು ಮಾತಿಲ್ಲ.

"ರಾಣಿಗೆ ಬೈರಿ, ನನಗ ಬೈರಿ. ಏನಾರ ಅನ್ರಿ," ಎಂದೆ.

ಗೋಡೆಯ ಕಡೆ ತಿರುಗಿದರು.

ಆದರೂ ಬಿಡಲಾರೆ. ಇವರಿಲ್ಲದ ಮನೆಯಲ್ಲಿ ನಾನೊಬ್ಬಳೇ ಏನು ಮಾಡಲಿ?

ಮಂಗಳವಾರ, 2 ಜುಲೈ. ಮಧ್ಯಾಹ್ನ

ಐಸಿಯುಗೆ ಹಾಕಿದ್ದಾರೆ. ಬಾಯಲ್ಲಿ ಉಸಿರಿನ ನಳಿಗೆ, ತುಟಿಯ ಮೇಲೆ ಅಡ್ಡ ಪಟ್ಟಿ. ಪುಸ್ತಕ ಒಳಗೆ ಬಿಡುವುದಿಲ್ಲ. ಹೊರಗೆ ಬೆಂಚಿನ ಮೇಲೆ ಒಬ್ಬಳೇ ಮುಗಿಸಿದೆ. ಕಿಲ್ಲೇದಾರ ಬಾಗಿಲು ತೆಗೆದ. ಕದ್ದುಮುಚ್ಚಿ ಅಲ್ಲ, ಹಾಡಹಗಲೇ. ಮಕ್ಕಳು, ಮುದುಕರು ನಡೆದು ಹೊರಗೆ ಬಂದರು. ರಾಣಿ ಮೇಲೆಯೇ ನಿಂತಿದ್ದಳು, ಯಾರೂ ಇಲ್ಲದ ಕೋಟೆ ಕಾಯುತ್ತ.

ಒಳಗೆ ಬಿಟ್ಟಾಗ ಕಿವಿಯ ಹತ್ತಿರ ಬಾಗಿ ಹೇಳಿದೆ. "ನಿಮ್ಮ ಕಿಲ್ಲೇದಾರಂದ ಖರೆ ಐತ್ರಿ. ನಡೀರಿ, ಮನಿಗೆ ಹೋಗೂಣು."

ಪಟ್ಟಿಯ ಕೆಳಗೆ ತುಟಿ ಅಲುಗಿತೋ ಇಲ್ಲವೋ... ಕಾಣಲಿಲ್ಲ.

ನಳಿಗೆ ತೆಗೆದರೆ ಉಳಿಯುವುದಿಲ್ಲ, ಇಟ್ಟರೂ ಏಳುವುದಿಲ್ಲ ಎಂದರು ಡಾಕ್ಟರ್. ಎಚ್ಚರವಿದ್ದಾಗ ಇವರಿಗೆ ಏನು ಬೇಕಾಗಿತ್ತು, ಅದನ್ನು ಹೇಳಿ ಎಂದರು. ಈಗ ಮತ್ತೆ ಬರುತ್ತಾರೆ. ಇದ್ದದ್ದನ್ನು ಇದ್ದ ಹಾಗೇ ಹೇಳಬೇಕು. ಬಾಯಿಗೆ ಬರುವುದೋ ಇಲ್ಲವೋ, ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ. ಆ ಬುಧವಾರ ಇವರು ಅಂದದ್ದು —