ನೋವಾಯಿತೇ ಎಂದು ಕೇಳಿದರೆ

ಮಾರ್ಚ್ ೪, ಮಂಗಳವಾರ

ಎಡ ಮೊಳಕೈಯ ಒಳಭಾಗ ನೀಲಿಗಟ್ಟಿದೆ. ಒತ್ತಿ ನೋಡಿದೆ, ಏನೂ ಅನ್ನಿಸಲಿಲ್ಲ.

ಅಮ್ಮನನ್ನು ಮಣ್ಣು ಮಾಡಿ ಬಂದ ಮೇಲೆ ಕಾಲೇಜಿಗೆ ಹೋಗಿದ್ದು ಇವತ್ತೇ ಮೊದಲು. ಇನ್ನೊಂದು ದಿನ ತಪ್ಪಿಸಿಕೊಂಡಿದ್ದರೆ ರಕ್ತ ತೆಗೆಯುವ ಕೋರ್ಸಿನಿಂದ ನನ್ನ ಹೆಸರು ಹೊಡೆದುಹಾಕುತ್ತಿದ್ದರು. ಈ ವಾರದಿಂದ ಅಭ್ಯಾಸದ ರಬ್ಬರ್ ಕೈ ಇಲ್ಲ, ಒಬ್ಬರ ಕೈಗೆ ಒಬ್ಬರು ಚುಚ್ಚಿ ಕಲಿಯಬೇಕು. ನನ್ನ ಜೋಡಿ ಟ್ವೈಲಾ. ಹೆದ್ದಾರಿ ಬದಿಯ ಮೋಟೆಲ್‌ನಲ್ಲಿ ಹಾಸಿಗೆಯ ಬಟ್ಟೆ ಬದಲಿಸುವ ಕೆಲಸ ಮಾಡುತ್ತಲೇ ಐವತ್ತು ದಾಟಿದವಳು.

ಚುಚ್ಚಿದಳು. ಟ್ಯೂಬಿಗೆ ರಕ್ತ ಬರಲಿಲ್ಲ.

"ನೋವಾಯ್ತೇನೇ?"

"ಇಲ್ಲ."

ಸೂಜಿಯನ್ನು ಒಳಗೇ ಅತ್ತಿತ್ತ ಆಡಿಸಿದಳು. "ಈಗ?"

"ಇಲ್ಲ ಅಂದ್ನಲ್ಲ. ನರ ಹುಡುಕು."

"ಅವಳದ್ದೂ ರಬ್ಬರ್ ಕೈನೇ ಇರ್ಬೇಕು," ಎಂದ ಹಿಂದಿನ ಮೇಜಿನ ಡೆರಿಲ್. ಯಾರೋ ನಕ್ಕರು.

ಟೀಚರ್ ಮಿಸೆಸ್ ಪ್ರುಯಿಟ್ ಬಂದು ಸೂಜಿ ತೆಗೆಸಿದರು. ಹತ್ತಿ ಒತ್ತಿ ಹಿಡಿದು, "ಸುಮ್ನಿದ್ದು ಉಪಕಾರ ಮಾಡ್ತಿದೀನಿ ಅಂದ್ಕೊಂಡಿದೀಯಾ? ನೀನು 'ಆ' ಅನ್ನದಿದ್ರೆ, ತಪ್ಪು ಜಾಗಕ್ಕೆ ಹೋಗಿದೀನಿ ಅಂತ ಇವಳಿಗೆ ಹೇಗಮ್ಮ ಗೊತ್ತಾಗ್ಬೇಕು? ನಾಳೆ ಆಸ್ಪತ್ರೇಲಿ ಯಾರೋ ಮುದುಕಿ ಕೈ ಹಾಳಾಗುತ್ತೆ," ಎಂದರು.

"ನಿಜವಾಗ್ಲೂ ನೋಯ್ತಿಲ್ಲ ಮೇಡಂ."

ಸುಳ್ಳು ಹೇಳಿರಲಿಲ್ಲ. ಟ್ವೈಲಾ ಮಾತ್ರ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಅಳುವುದು ಅವಳಿಗೆ ಎಷ್ಟು ಸಲೀಸು.

ನಾಳೆ ಬಲಗೈ ಕೊಡಬೇಕು. ಅವಳು ಕೇಳಿದಾಗ 'ಆ' ಅನ್ನಲೇಬೇಕು. ಅದಕ್ಕೇ ಈಗ ಕನ್ನಡಿ ಮುಂದೆ ನಿಂತು 'ಆ' ಅಂದು ನೋಡಿದೆ.

ಆಸ್ಪತ್ರೆಯಲ್ಲಿ ಅಮ್ಮ ಅನ್ನುತ್ತಿದ್ದ ಹಾಗೆಯೇ ಕೇಳಿಸಿತು.

ಇನ್ನೊಂದು ಸಲ ಅನ್ನಲಿಲ್ಲ. ದೀಪ ಆರಿಸಬೇಕು.