ನಯೀಮನ ಬೆನ್ನು

ಮಾನ್ವಿ,
೨೧ ನವೆಂಬರ್ ೨೦೨೪

ಪ್ರೀತಿಯ ಮಗ ನಯೀಮನಿಗೆ ಅಬ್ಬಾನ ದುವಾ.

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ದೇವದುರ್ಗದ ಕಡೆ ಭತ್ತದ ಕಟಾವು ಇನ್ನೂ ಹತ್ತು ದಿನ ಇದೆ ಎಂದೆಯಲ್ಲ. ಫೋನಿನಲ್ಲಿ ಮಾತಾಡಿದರೆ ಮಷಿನ್ ಸದ್ದಿನಲ್ಲಿ ಎಲ್ಲದಕ್ಕೂ ‘ಹೂಂ ಅಬ್ಬಾ’ ಎನ್ನುತ್ತೀಯ, ಕೇಳಿಸಿತೋ ಇಲ್ಲವೋ ಅಲ್ಲಾಹನಿಗೇ ಗೊತ್ತು. ಅದಕ್ಕೇ ಮಷಿನ್‌ಗೆ ಹೊಸ ಬೆಲ್ಟ್ ತರುವ ಸುಂಕಪ್ಪನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ನಿನ್ನ ಅಮ್ಮಿ ಚೆನ್ನಾಗಿದ್ದಾಳೆ. ನನ್ನನ್ನು ಮಂಚದಿಂದ ಇಳಿಯಲು ಬಿಡದೆ ದರ್ಬಾರು ನಡೆಸಿದ್ದಾಳೆ.

ಹೋದ ವಾರ ರಾಯಚೂರಿನಲ್ಲಿ ನನ್ನ ಬೆನ್ನಿನ ಸ್ಕ್ಯಾನ್ ಆಯಿತು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, ‘ಏನ್ ಓಡಿಸ್ತಿದ್ರಿ ಯಜಮಾನ್ರ?’ ಎಂದು ಕೇಳಿದರು. ಹದಿನೆಂಟು ವರ್ಷ ಟ್ರ್ಯಾಕ್ಟರ್, ಎಂಟು ವರ್ಷ ಭತ್ತ ಕೊಯ್ಯುವ ಮಷಿನ್ ಎಂದೆ. ಬೆನ್ನೆಲುಬಿನ ಮಣಿಗಳ ನಡುವೆ ಮೆತ್ತನೆಯ ಬಿಲ್ಲೆಗಳಿವೆಯಂತೆ. ಅವಕ್ಕೆ ಸ್ವಂತ ರಕ್ತನಾಳ ಇಲ್ಲ. ಅಕ್ಕಪಕ್ಕದ ಎಲುಬಿನಿಂದ ತೆಳುವಾದ ಪದರದ ಮೂಲಕವೇ ನೀರು, ಆಹಾರ ಬರಬೇಕು. ದಿನವಿಡೀ ಮಷಿನ್ ನಡುಗಿದರೆ ಸ್ನಾಯು ಬಿಗಿ ಹಿಡಿದು ಹಿಡಿದು ಸೋಲುತ್ತದೆ, ಭಾರ ಬಿಲ್ಲೆಗಳ ಮೇಲೆ ಬೀಳುತ್ತದೆ, ಪದರ ಬಿರುಕು ಬಿಟ್ಟು ಬಿಲ್ಲೆ ಒಣಗುತ್ತದೆ. ನನ್ನವು ಎರಡು ಒಣಗಿವೆ, ಇನ್ನೊಂದು ಹೊರಗೆ ಉಬ್ಬಿ ಕಾಲಿನ ನರ ಒತ್ತಿದೆ. ‘ಒಣಗಿದ್ದು ಮತ್ತ ಹಸಿ ಆಗೂದಿಲ್ರಿ’ ಎಂದರು. ಸರಿ ಎಂದೆ. ನನ್ನ ಬಗ್ಗೆ ಅಷ್ಟೇನೂ ಅನ್ನಿಸಲಿಲ್ಲ.

ಆದರೆ ಶುಕ್ರವಾರ ನೀನು ಅಮ್ಮಿಗೆ ‘ಎಡಗಾಲು ಜೋಮು ಹಿಡಿಯಾಕತ್ತದ’ ಎಂದೆಯಂತೆ. ನಾನು ಕೇಳಿದರೆ ‘ಕುಚ್ ನೈ ಅಬ್ಬಾ’, ಏನೂ ಇಲ್ಲ ಅಂದೆ. ನಿನ್ನ ಇಪ್ಪತ್ತಾರರ ವಯಸ್ಸಿನಲ್ಲಿ ನಾನೂ ಹಾಗೇ ಅನ್ನುತ್ತಿದ್ದೆ. ನನಗೆ ಭಯವಾಗಿದೆ, ನಯೀಮ್. ಗಂಟೆಗೊಮ್ಮೆ ಇಳಿದು ನಡೆದಾಡು. ಇಳಿದ ಕೂಡಲೇ ಡೀಸೆಲ್ ಕ್ಯಾನ್ ಎತ್ತಬೇಡ, ನಡುಗಿ ದಣಿದ ಬೆನ್ನು ಆಗ ಭಾರ ತಾಳುವುದಿಲ್ಲವಂತೆ. ಬದು ದಾಟುವಾಗ ನಿಧಾನ. ಹೊಲದವರು ಅವಸರ ಮಾಡಿದರೆ ನನ್ನ ಹೆಸರು ಹೇಳು, ಬೈಗುಳ ನನಗೇ ಬರಲಿ.

ಅಮ್ಮಿ ದುವಾ ಹೇಳಿದ್ದಾಳೆ. ಸುಂಕಪ್ಪನಿಗೆ ಊಟ ಮಾಡಿಸಿ ಕಳಿಸು.

ನಿನ್ನ ಅಬ್ಬಾ,
ಖಾಸಿಂ ಸಾಬ್

ತಾ.ಕ.: ಸುಂಕಪ್ಪ ಬಾಗಿಲಲ್ಲಿ ನಿಂತು ‘ಬಸ್ ಹೋಗ್ತದ್ರೀ, ಲಗೂನ ಕೊಡ್ರಿ’ ಅನ್ನುತ್ತಿದ್ದಾನೆ. ಮಷಿನ್ ಸೀಟಿನ ಅಡಿ ಕೈ ಹಾಕಿ ನೋಡು. ಸ್ಪ್ರಿಂಗಿನ ನಡುವೆ ಜಾಲಿ ಕಟ್ಟಿಗೆಯ ತುಂಡೊಂದಿದೆ. ಸೀಟು ಕುಣಿದರೆ ಕಟಾವು ಸೊಟ್ಟ ಬರುತ್ತದೆಂದು ಮಷಿನ್ ತಂದ ವರ್ಷ ನಾನೇ ಬಡಿದಿಟ್ಟೆ. ಸ್ಪ್ರಿಂಗ್ ತಾಳಬೇಕಾದ ಪೆಟ್ಟನ್ನೆಲ್ಲ ಎಂಟು ವರ್ಷ ನನ್ನ ಬೆನ್ನು ತಿಂದಿತು, ಈ ಎರಡು ವರ್ಷ ನಿನ್ನ ಬೆನ್ನು ತಿನ್ನುತ್ತಿದೆ. ಸ್ಕ್ಯಾನ್ ಆದ ದಿನವೇ ನೆನಪಾಗಿತ್ತು. ನಾಚಿಕೆಯಿಂದ ಒಂದು ವಾರ ಬಾಯಿ ಬಿಡಲಿಲ್ಲ. ಮೊದಲು ಅದನ್ನು ಕಿತ್ತು ಬಿಸಾಕು, ಆಮೇಲೆ ಮಷಿನ್ ಚಾಲು ಮಾಡು.